ಖಿನ್ನತಾನಿವಾರಕ ಔಷಧಗಳು ದೇಹವನ್ನು ಬಿಡುವ ಬಗೆ

ಔಷಧವೊಂದು ವಿಷದಂತೆ ವರ್ತಿಸಲಾರಂಭಿಸಿದಾಗ ಅದನ್ನು ಕೂಡಲೇ ನಿಲ್ಲಿಸುವುದು ವೈದ್ಯರ ವಾಡಿಕೆ. ಆದರೆ ನಿಲ್ಲಿಸಿದ ದಿನಕ್ಕೂ ಅದರ ಪ್ರಭಾವವು ಅಡಗುವ ದಿನಕ್ಕೂ ಇರುವ ಅಂತರವು ಒಂದೊಂದು ಔಷಧಕ್ಕೆ ಒಂದೊಂದು ಬಗೆಯಾಗಿರುತ್ತದೆ. ಖಿನ್ನತಾನಿವಾರಕಗಳ ಚರಿತ್ರೆಯಲ್ಲಿ ಈ ಅಂತರವನ್ನು ಗಣಿಸದೆ ಪ್ರಾಣಹಾನಿಯಾದ ಪ್ರಸಂಗಗಳೂ ಉಂಟು.

ಈ ವರ್ಗದ ಮೊದಲ ಔಷಧಗಳಲ್ಲೊಂದಾದ ಇಪ್ರೋನಿಯಾಜಿಡ್ ಹುಟ್ಟಿದ್ದು ಕ್ಷಯರೋಗದ ಚಿಕಿತ್ಸೆಗಾಗಿ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಇದನ್ನು ಸೇವಿಸಿದ ಕ್ಷಯರೋಗಿಗಳು ಅಸಾಧಾರಣವಾದ ಉಲ್ಲಾಸವನ್ನು ತೋರಿದರು. ಅದೇ ವರ್ಷ ಝೆಲ್ಲರ್ ಎಂಬ ವಿಜ್ಞಾನಿಯು, ಈ ಔಷಧವು ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವುದೆಂದು ತೋರಿಸಿದನು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಅವನ ಸಂಗಡಿಗರು ಖಿನ್ನತೆಗೆ ಇದರ ಉಪಯೋಗವನ್ನು ಪ್ರಕಟಿಸಿದರು. ಯಕೃತ್ತಿಗೆ ಒದಗಿದ ಹಾನಿಯ ಕಾರಣ ಇದು ಬಹುಕಾಲ ಬಾಳಲಿಲ್ಲ. ಆದರೆ ಫೆನೆಲ್ಜೀನ್ ಮೊದಲಾದ ಇದರ ಬಂಧುಗಳು ಬಳಕೆಯಲ್ಲಿ ಉಳಿದುವು.

ಇವುಗಳ ಅಪಾಯವು ಬಯಲಾದ ಬಗೆ ವಿಚಿತ್ರವಾದುದು. ಚೀಸ್ ತಿಂದ ಬಳಿಕ ತನ್ನ ಪತ್ನಿಗೆ ತೀವ್ರವಾದ ತಲೆನೋವು ಬರುವುದೆಂದು ನಾಟಿಂಗ್‌ಹ್ಯಾಮಿನ ಔಷಧತಜ್ಞನೊಬ್ಬನು ಲಂಡನ್ನಿನ ತರುಣ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ಲನಿಗೆ ಪತ್ರ ಬರೆದನು. ಮೊದಲು ನಗೆಗೀಡಾದ ಈ ಶಂಕೆಯನ್ನು ಬ್ಲ್ಯಾಕ್‌ವೆಲ್ 1963ರಲ್ಲಿ ಸಮರ್ಥಿಸಿ ಪ್ರಕಟಿಸಿದನು. ಹಳೆಯ ಚೀಸಿನಲ್ಲಿರುವ ಟೈರಮೀನನ್ನು ಸಾಮಾನ್ಯವಾಗಿ ಕರುಳು ಮತ್ತು ಯಕೃತ್ತುಗಳಲ್ಲಿರುವ ಮೇಲ್ಕಂಡ ಕಿಣ್ವವು ನಾಶಪಡಿಸುತ್ತದೆ. ಕಿಣ್ವಕ್ಕೆ ತಡೆಯುಂಟಾದಾಗ ಟೈರಮೀನ್ ರಕ್ತಕ್ಕೆ ಸೇರಿ ರಕ್ತದ ಒತ್ತಡವು ಒಮ್ಮೆಲೇ ಏರುತ್ತದೆ.

ಇನ್ನು ನಿರ್ಗಮನದ ವಿಚಾರ. ಫೆನೆಲ್ಜೀನಿನ ಅರ್ಧಾಯು, ಎಂದರೆ ರಕ್ತದಲ್ಲಿ ಅದರ ಪ್ರಮಾಣವು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 12 ಗಂಟೆ. ಐದು ಅರ್ಧಾಯುಗಳು ಕಳೆದರೆ ಶೇಕಡ 3ರಷ್ಟು ಮಾತ್ರ ಉಳಿಯುವುದರಿಂದ, ಮೂರನೆಯ ದಿನಕ್ಕೆ ರಕ್ತವು ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಅಪಾಯವಾದರೋ ಇನ್ನೂ ಸುಮಾರು ಎರಡು ವಾರ ಮುಂದುವರಿಯುತ್ತದೆ. ಔಷಧವು ಕಿಣ್ವವನ್ನು ಶಾಶ್ವತವಾಗಿ ಕೆಡಿಸಿರುವುದರಿಂದ ದೇಹವು ಹೊಸ ಕಿಣ್ವವನ್ನೇ ನಿರ್ಮಿಸಬೇಕಾಗುತ್ತದೆ. ಅರಸನು ಪಟ್ಟದಿಂದಿಳಿದ ಮೇಲೂ ಅವನ ಶಾಸನಗಳು ನಡೆಯುತ್ತಿರುವುದನ್ನು ಕಂಡಿರುವ ಚರಿತ್ರೆಯ ವಿದ್ಯಾರ್ಥಿಗೆ ಇದು ಅಪರಿಚಿತವಾದ ಸ್ಥಿತಿಯೇನಲ್ಲ.

ಸ್ವಿಟ್ಸರ್ಲೆಂಡಿನ ರೋಲಂಡ್ ಕೂನ್ 1957ರಲ್ಲಿ ಪರಿಚಯಿಸಿದ ಇಮಿಪ್ರಮೀನಿನ ರೀತಿ ಬೇರೆ. ಯಕೃತ್ತು ಇದನ್ನು ಒಡೆದಾಗ ದೊರೆಯುವ ಡೆಸಿಪ್ರಮೀನ್ ತಾನೂ ಔಷಧವೇ. ಎರಡೂ ರಕ್ತದಲ್ಲಿ ನಿಲ್ಲದೆ ಅಂಗಾಂಗಗಳಲ್ಲಿ ಅಡಗುತ್ತವೆ. ಆದುದರಿಂದ ಅತಿಯಾಗಿ ಸೇವಿಸಿದವರಲ್ಲಿ ಯಂತ್ರದಿಂದ ರಕ್ತವನ್ನು ಶೋಧಿಸಿದರೂ ಹೆಚ್ಚಿನ ಫಲವಿಲ್ಲ. ಸೇವಿಸಿದ ಮೊದಲ ಒಂದೆರಡು ಗಂಟೆಗಳಲ್ಲಿ ಇದ್ದಿಲ ಪುಡಿಯನ್ನು ಕುಡಿಸಿ ಹೀರಿಕೆಯನ್ನು ತಗ್ಗಿಸಬಹುದು. ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳಕ್ಕೆ ಕೊಡುವುದು ಹೃದಯದ ರಕ್ಷಣೆಗಾಗಿ, ಔಷಧವನ್ನು ಹೊರಹಾಕುವುದಕ್ಕಲ್ಲ. ಹೊರಹಾಕುವ ಕೆಲಸವನ್ನು ಯಕೃತ್ತು ತನ್ನದೇ ವೇಗದಲ್ಲಿ ಮಾಡಬೇಕು. ಆ ವೇಗವೂ ಹುಟ್ಟಿನಿಂದಲೇ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

1987ರಲ್ಲಿ ಅಮೆರಿಕದಲ್ಲಿ ಸಮ್ಮತಿ ಪಡೆದ ಫ್ಲುವೊಕ್ಸೆಟೀನ್ ಇವೆಲ್ಲಕ್ಕಿಂತ ನಿಧಾನಿ. ದೀರ್ಘಕಾಲ ಸೇವಿಸಿದವರಲ್ಲಿ ಅದರ ಅರ್ಧಾಯು 4ರಿಂದ 6 ದಿನ. ಅದರಿಂದ ಹುಟ್ಟುವ ನಾರ್‌ಫ್ಲುವೊಕ್ಸೆಟೀನಿನದು ಸರಾಸರಿ 9 ದಿನ. ಇದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಿಣ್ವತಡೆಯ ಔಷಧವನ್ನು ಆರಂಭಿಸಿದ ಕೆಲವರಲ್ಲಿ ಸೆರೊಟೋನಿನ್ ಮಿತಿಮೀರಿ, ನಡುಕ, ಸ್ನಾಯುಗಳ ಸೆಳೆತ, ಉಗ್ರವಾದ ಜ್ವರ ತಲೆದೋರಿ ಮರಣವೂ ಸಂಭವಿಸಿತು. ಇಂತಹ ವಿಷಪರಿಣಾಮವು ಔಷಧ ನಿಲ್ಲಿಸಿ ದೇಹವನ್ನು ತಂಪುಗೊಳಿಸಿ ಉಪಚರಿಸಿದಾಗ ಬಹುಶಃ ಒಂದು ದಿನದೊಳಗೆ ಇಳಿಮುಖವಾಗುವುದಾದರೂ, ಫ್ಲುವೊಕ್ಸೆಟೀನ್ ಅಥವಾ ಕಿಣ್ವತಡೆಯ ಔಷಧ ಕಾರಣವಾಗಿದ್ದಲ್ಲಿ ಹಲವು ದಿನ ಉಳಿಯಬಹುದು. ಅಂತೆಯೇ ಈ ಎರಡು ಔಷಧಗಳ ನಡುವೆ ಕನಿಷ್ಠ ಐದು ವಾರಗಳ ಬಿಡುವಿರಬೇಕೆಂಬ ನಿಯಮವು ವೈದ್ಯಕೀಯದಲ್ಲಿ ರೂಢಿಗೆ ಬಂದಿದೆ. ಕ್ರಮವು ವಿಪರ್ಯಾಸವಾಗಿ, ಕಿಣ್ವತಡೆಯ ಔಷಧವನ್ನು ಮೊದಲು ನಿಲ್ಲಿಸಿದ್ದಲ್ಲಿ, ಎರಡು ವಾರಗಳು ಸಾಕು.