ಗೇಣಿಯ ನೆಲ, ನಾಲೆಯ ನೀರು

ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು, ಕಾಮಗಾರಿ ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತು, ಬರಕ್ಕೆ ಹೆಸರಾದ ಹಿರಿಯೂರಿನ ಬಯಲಿಗೆ ನಾಲೆಯ ನೀರು ಹರಿಸಿತು. ನೀರುಂಡ ನೆಲದ ಒಡೆಯ ಯಾರು, ದುಡಿಯುವವನು ಯಾರ ಮರ್ಜಿಯಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಗಣರಾಜ್ಯವಾದಿ ಚಿಂತನೆಗೆ ಈ ಪ್ರಶ್ನೆಯೇ ಕೇಂದ್ರ. ಪ್ರಾಚೀನ ರೋಮಿನಿಂದ ಬಂದು, ನಮ್ಮ ಕಾಲದಲ್ಲಿ ಕ್ವೆಂಟಿನ್ ಸ್ಕಿನ್ನರ್, ಫಿಲಿಪ್ ಪೆಟಿಟ್ ಮರುಜೀವ ಕೊಟ್ಟ ಈ ಚಿಂತನೆಯ ಪ್ರಕಾರ, ಮತ್ತೊಬ್ಬನ ಇಷ್ಟಾನಿಷ್ಟಕ್ಕೆ ಒಳಗಾಗದೆ ಬದುಕುವುದೇ ಸ್ವಾತಂತ್ರ್ಯ. ಧಣಿ ಎಷ್ಟೇ ಕರುಣಾಳುವಾಗಿದ್ದರೂ, ಮನಸ್ಸು ಬಂದಾಗ ಹೊಲದಿಂದ ಎಬ್ಬಿಸುವ ಅಧಿಕಾರ ಅವನಲ್ಲಿರುವವರೆಗೆ ಗೇಣಿದಾರ ಸ್ವತಂತ್ರನಲ್ಲ.

ಕನ್ನಡ ನಾಡಿನಲ್ಲಿ ಈ ವಿಚಾರ ಪುಸ್ತಕದಿಂದ ಬರಲಿಲ್ಲ, ಕೊಳಗದಿಂದ ಬಂತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಭತ್ತ ಅಳೆಯುವ ಕೊಳಗದ ಗಾತ್ರವನ್ನು ಧಣಿಗಳೇ ನಿರ್ಧರಿಸುವುದನ್ನು ಗೇಣಿದಾರರು ಪ್ರಶ್ನಿಸಿದಾಗ ಸತ್ಯಾಗ್ರಹ ಹುಟ್ಟಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಹಿಡಿದವನ ಕೈಯಲ್ಲೇ ಲೆಕ್ಕವಿದ್ದರೆ ಗೇಣಿಯ ದರ ಎಷ್ಟೆಂಬುದು ಎರಡನೆಯ ಮಾತು.

1961ರ ಭೂಸುಧಾರಣಾ ಕಾಯ್ದೆ ಗೇಣಿದಾರನಿಗೆ ಒಂದಿಷ್ಟು ರಕ್ಷಣೆ ಕೊಟ್ಟರೂ, ಸ್ವಂತ ಸಾಗುವಳಿಯ ನೆಪದಲ್ಲಿ ಜಮೀನು ಹಿಂಪಡೆಯುವ ದಾರಿಯನ್ನು ಒಡೆಯನಿಗೆ ಉಳಿಸಿತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಆ ದಾರಿ ಮುಚ್ಚಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿತು. ಉಳುವವನು ಏಳನೆಯ ನಮೂನೆಯ ಅರ್ಜಿ ತುಂಬಿ ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಸಹಾಯಕ ಆಯುಕ್ತರು ಅಧ್ಯಕ್ಷರಾಗಿದ್ದ ಆ ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಕನಿಷ್ಠ ಒಬ್ಬ ಸದಸ್ಯರಿರಬೇಕೆಂದೂ, ವಕೀಲರು ವಾದಿಸಬಾರದೆಂದೂ ಕಾನೂನು ವಿಧಿಸಿತ್ತು. ಧಣಿಯ ಜಗಲಿಯ ಕೆಳಗೆ ನಿಲ್ಲುತ್ತಿದ್ದವನು ಅವನಿಗೆ ಎದುರಾಗಿ ತಾನೇ ಮಾತಾಡಿದ ಈ ಏರ್ಪಾಟು, ಹಂಚಿದ ಎಕರೆಗಳಷ್ಟೇ ಮಹತ್ವದ್ದು.

ಗೇಣಿಯ ಬಿಗಿ ಕರಾವಳಿ, ಮಲೆನಾಡುಗಳಲ್ಲಿ ಹೆಚ್ಚಿದ್ದುದರಿಂದ ಫಲವೂ ಅಲ್ಲೇ ಹೆಚ್ಚು ಕಂಡಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಕಾರರಿಗೆ ಏಳನೆಯ ನಮೂನೆಯಲ್ಲಿ ಜಾಗವಿರಲಿಲ್ಲ. ಇದು ಆ ಸುಧಾರಣೆಯ ದೊಡ್ಡ ಕೊರತೆ. 2020ರ ತಿದ್ದುಪಡಿಯಂತೂ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು.

ಪಹಣಿಯಲ್ಲಿ ಹೆಸರಿದ್ದವನಿಗೂ ನೀರಾವರಿಯಲ್ಲಿ ಬೇರೊಂದು ಅಧೀನತೆ ಕಾದಿರುತ್ತದೆ: ತೂಬಿನ ಕೀಲಿ ಯಾರ ಕೈಯಲ್ಲಿದೆ, ಮೇಲ್ಭಾಗದವರು ಎಷ್ಟು ಬಿಟ್ಟರು ಎಂಬುದರ ಮೇಲೆ ನಾಲೆಯ ತುದಿಯ ಹೊಲದ ಬೆಳೆ ನಿಂತಿರುತ್ತದೆ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರಾವರಿ ಕಾಯ್ದೆ ಅವಕಾಶ ಕೊಟ್ಟದ್ದು 2000ದಲ್ಲಿ, ಮಾರಿಕಣಿವೆ ನೀರು ಕೊಡತೊಡಗಿ ತೊಂಬತ್ತು ವರ್ಷ ಕಳೆದ ಮೇಲೆ.