ಒಡೆದ ಗೆಳೆತನ, ಉಳಿದ ಗೌರವ

ಪುಣೆಯಲ್ಲಿ ಮನೆ ಮಾಡಿರುವ ನಮಗೆ ಫರ್ಗ್ಯುಸನ್ ಕಾಲೇಜು ಪರಕೀಯವಲ್ಲ. ಆಲೂರ ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಅಲ್ಲಿಯೇ ಓದಿದವರು. ಆದರೆ ಆ ಕಾಲೇಜನ್ನು ಕಟ್ಟಿದವರಲ್ಲಿ ಇಬ್ಬರ ಗೆಳೆತನವು ಅದರ ಅಂಗಳದಲ್ಲಿಯೇ ಒಡೆದ ಕಥೆಯನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಬಾಲ ಗಂಗಾಧರ ಟಿಳಕರೂ ಗೋಪಾಳ ಗಣೇಶ ಆಗರಕರರೂ ೧೮೫೬ರ ಜುಲೈ ತಿಂಗಳಲ್ಲಿ ಹುಟ್ಟಿದವರು. ಇದೇ ಊರಿನ ಡೆಕ್ಕನ್ ಕಾಲೇಜಿನಲ್ಲಿ ಗೆಳೆಯರಾದವರು. ಬಡತನದಲ್ಲಿ ಬೆಳೆದ ಆಗರಕರರು, ದೊಡ್ಡ ಸಂಬಳದ ಆಸೆಯನ್ನು ಬಿಟ್ಟಿರುವೆನೆಂದು ತಾಯಿಗೆ ಕಾಗದ ಬರೆದರು. ೧೮೮೦ರಲ್ಲಿ ತೆರೆದ ನ್ಯೂ ಇಂಗ್ಲಿಷ್ ಸ್ಕೂಲಿಗೆ ಇಬ್ಬರೂ ಹೆಗಲು ಕೊಟ್ಟರು. ೧೮೮೧ರಲ್ಲಿ ‘ಕೇಸರಿ’ ಹೊರಟಾಗ ಆಗರಕರರೇ ಅದರ ಮೊದಲ ಸಂಪಾದಕರು. ಮರುವರ್ಷ ಕೊಲ್ಲಾಪುರದ ದಿವಾನರು ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ, ಮುಂಬಯಿಯ ಡೋಂಗರಿ ಜೈಲಿನಲ್ಲಿ ೧೦೧ ದಿನಗಳನ್ನು ಕೂಡಿಯೇ ಕಳೆದರು. ೧೮೮೪ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, ೧೮೮೫ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು.

ಜೈಲು ಒಡೆಯಲಾರದ ಸ್ನೇಹವನ್ನು ಮತಭೇದ ಒಡೆಯಿತು. ಸಮಾಜ ಸುಧಾರಣೆ ಮೊದಲೆಂದು ಆಗರಕರರು. ರಾಜಕೀಯ ಹಕ್ಕು ಮೊದಲೆಂದು ಟಿಳಕರು. ಆಗರಕರರು ೧೮೮೭ರಲ್ಲಿ ‘ಕೇಸರಿ’ಯನ್ನು ಬಿಟ್ಟು, ೧೮೮೮ರಲ್ಲಿ ‘ಸುಧಾರಕ’ವನ್ನು ಹೊರಡಿಸಿದರು. ಸೊಸೈಟಿಯೊಳಗೂ ಜಗಳ ಹೊಕ್ಕಿತು. ಆಜೀವ ಸದಸ್ಯರು ಅಲ್ಪ ಸಂಬಳದಲ್ಲಿಯೇ ತೃಪ್ತರಾಗಿ, ಹೊರಗಿನ ಗಳಿಕೆಗೆ ಕೈ ಹಾಕಬಾರದೆಂದು ಟಿಳಕರ ಹಟ. ಸಂಸಾರವಂದಿಗರಿಗೆ ಅಷ್ಟು ಬಿಗಿ ಸಲ್ಲದೆಂದು ಎದುರುಪಕ್ಷದವರ ವಾದ. ೧೮೯೦ರಲ್ಲಿ ಟಿಳಕರು ರಾಜೀನಾಮೆ ಕೊಟ್ಟರು. ೧೮೯೧ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸುವ ಕಾಯಿದೆ ಬಂದಿತು. ಆಗರಕರರು ಅದನ್ನು ಎತ್ತಿಹಿಡಿದರು. ಪರಸರಕಾರ ನಮ್ಮ ಮನೆಯೊಳಗೆ ಕೈಯಿಡಬಾರದೆಂದು ಟಿಳಕರು ವಿರೋಧಿಸಿದರು. ಹುಡುಗಿಯರ ಮಟ್ಟಿಗೆ ಆಗರಕರರ ಮಾತೇ ಸರಿಯಾಗಿತ್ತೆಂದು ಇಂದು ನಾವು ಸಂಕೋಚವಿಲ್ಲದೆ ಹೇಳಬಹುದು. ಆದರೆ ಅಂದು ಈ ಊರಿನವರು ಬದುಕಿದ್ದ ಆಗರಕರರ ಪ್ರತಿಕೃತಿಗೇ ಶವಯಾತ್ರೆ ಹೊರಡಿಸಿದ್ದರು!

೧೮೯೨ರಲ್ಲಿ ಆಗರಕರರು ಫರ್ಗ್ಯುಸನ್ನಿನ ಪ್ರಿನ್ಸಿಪಾಲರಾದರು. ದಮ್ಮು ಅವರನ್ನು ಬಿಡಲಿಲ್ಲ. ೧೮೯೫ರ ಜೂನ್ ೧೭ರಂದು, ೩೯ ತುಂಬುವ ಮೊದಲೇ, ತೀರಿಕೊಂಡರು. ‘ಕೇಸರಿ’ಗೆ ಗೆಳೆಯನ ಮರಣಲೇಖವನ್ನು ಬರೆಯುವಾಗ ಟಿಳಕರು ಕಣ್ಣೀರು ತಡೆಯಲಾರದೆ ಹೋದರೆಂದು ಹೇಳುತ್ತಾರೆ.

ಇಂದು ನಮ್ಮ ಮಕ್ಕಳೂ ಇದೇ ಊರಿನ ಕಾಲೇಜುಗಳಲ್ಲಿ ಅಂಕಗಳಿಗಾಗಿ ಪೈಪೋಟಿ ನಡೆಸುತ್ತಾರೆ, ಪಕ್ಷ ಕಟ್ಟುತ್ತಾರೆ. ನಮ್ಮ ಊಟದ ಪಂಕ್ತಿಯಲ್ಲಿಯೂ ರಾಜಕೀಯದ ಬಿಸಿ ಏರುತ್ತದೆ. ವಾದ ನಡೆಯಲಿ, ಬೇಡವೆನ್ನೆವು. ತತ್ತ್ವವನ್ನು ಬಿಟ್ಟುಕೊಡಿರೆಂದೂ ಹೇಳೆವು. ಆದರೆ ಗೆಳೆಯನ ಬಗ್ಗೆ ಆಡಬೇಕಾದ ಒಳ್ಳೆಯ ಮಾತನ್ನು ಅವನ ಕಿವಿ ಕೇಳುವಾಗಲೇ ಆಡೋಣ. ಮರಣಲೇಖಕ್ಕೆ ಉಳಿಸಿಡುವುದು ಬೇಡ.