ಒತ್ತಕ್ಷರ ಕಲಿಸಿದ ಮಾಣಿ

ಪ್ರಿಯ ಮಕ್ಕಳೇ,

ಮಕ್ಕಳೇ ಎಂದು ಕರೆದದ್ದಕ್ಕೆ ಕೋಪಿಸಿಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಕಾಲೇಜು ಮುಗಿಸಿ ಕೆಲಸಕ್ಕೂ ಸೇರಿರಬಹುದು. ಆದರೆ ಅರವತ್ತರ ಹೊಸ್ತಿಲಲ್ಲಿ ನಿಂತ ನನ್ನಂಥ ಗೃಹಿಣಿಗೆ ನೀವೆಲ್ಲ ಮಕ್ಕಳೇ. ಕನ್ನಡ ಓದಲು ಬಾರದವರು ಇದನ್ನು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿ ಕೇಳಿ. ಅದರಲ್ಲಿ ನಾಚಿಕೆ ಏನೂ ಬೇಡ. ಹದಿಮೂರು ವಯಸ್ಸಿನವರೆಗೆ ನನಗೂ ಕನ್ನಡ ಓದಲು ಬರುತ್ತಿರಲಿಲ್ಲ! ಅದು ಯಾರಿಂದ ಬಂತು, ಅವರಿಗೆ ನಾನು ಕೊಟ್ಟ ಗುರುದಕ್ಷಿಣೆ ಏನು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇಂದು ನಿಮಗೆ ಹೇಳುತ್ತೇನೆ.

ಅದು 1979ರ ಬೇಸಿಗೆ. ಈ ನಗರಕ್ಕೆ ಮುಂಬಯಿ ಎಂಬ ಹೆಸರು ಅಧಿಕೃತವಾದದ್ದು 1995ರಲ್ಲಿ. ಆಗ ನಮ್ಮವರ ಬಾಯಲ್ಲಿ ಅದು ಬೊಂಬಾಯಿ. ನಮ್ಮ ಮನೆ ಮಾಟುಂಗಾದಲ್ಲಿ, ಮೂರನೇ ಮಾಳಿಗೆಯಲ್ಲಿ ಎರಡೇ ಕೋಣೆಗಳದ್ದು. ಮಾಟುಂಗಾ ಎಂದರೆ ನಿಮಗೂ ಗೊತ್ತಲ್ಲ, ದಕ್ಷಿಣದವರ ತವರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, 1942ರಲ್ಲಿ ರಾಮ ನಾಯಕರು ಶುರು ಮಾಡಿದ ಶ್ರೀಕೃಷ್ಣ ಬೋರ್ಡಿಂಗ್, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ಬೀದಿಗಿಳಿದರೆ ಒಂದು ಕಡೆ ಮಲ್ಲಿಗೆ, ಇನ್ನೊಂದು ಕಡೆ ಫಿಲ್ಟರ್ ಕಾಫಿಯ ಪರಿಮಳ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿ. ಇಷ್ಟಿದ್ದರೂ ನಾನು ಓದುತ್ತಿದ್ದುದು ಇಂಗ್ಲಿಷ್ ಮೀಡಿಯಂ ಕಾನ್ವೆಂಟಿನಲ್ಲಿ. ಮನೆಯಲ್ಲಿ ಕುಂದಾಪುರದ ಕನ್ನಡ ಮಾತಾಡುತ್ತಿದ್ದೆ. ಓದಲು ಬರುತ್ತಿದ್ದುದು ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡದ ಅಕ್ಷರ ಕಂಡರೆ ಜಿಲೇಬಿ ಕಂಡ ಹಾಗೆ ಆಗುತ್ತಿತ್ತು.

ಮೇ ತಿಂಗಳು ಬಂತೆಂದರೆ ನಮ್ಮ ಬಿಲ್ಡಿಂಗಿನ ಅರ್ಧ ಮನೆಗಳಿಗೆ ಬೀಗ. ಎಲ್ಲರೂ ಊರಿಗೆ! ಈಗ ನೀವು ಕೊಂಕಣ ರೈಲಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಊರು ಕಾಣುತ್ತೀರಿ. ಆ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ನಮ್ಮ ಕಾಲದಲ್ಲಿ ಬಸ್ಸೇ ಗತಿ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಘಾಟಿ ಇಳಿದು ಅಂಕೋಲೆಗೆ ಬರುವಷ್ಟರಲ್ಲಿ ಮೈಕೈ ಹುಡಿಹುಡಿ. ಆದರೂ ಸಮುದ್ರದ ಗಾಳಿ ಮುಖಕ್ಕೆ ಬಡಿದ ಕೂಡಲೇ ಎಲ್ಲ ಮರೆತು ಕಿಟಕಿಗೆ ಅಂಟಿಕೊಳ್ಳುತ್ತಿದ್ದೆವು. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಅಮ್ಮಮ್ಮ ಕಾಯುತ್ತಿದ್ದರು.

ಆ ವರ್ಷ ಹೋಗಲಾಗಲಿಲ್ಲ. ಏಪ್ರಿಲ್‌ನಲ್ಲಿ ಅಪ್ಪಯ್ಯನಿಗೆ ಕಾಮಾಲೆ ಹಿಡಿಯಿತು. ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದ ಅವರ ರಜೆಯೂ ಮುಗಿಯಿತು, ಕೈಯಲ್ಲಿದ್ದ ಕಾಸೂ ಮುಗಿಯಿತು. ನಾನು ಅಪ್ಪಯ್ಯನ ಕಾಯಿಲೆಗಿಂತ ತಪ್ಪಿದ ಪ್ರಯಾಣಕ್ಕೇ ಹೆಚ್ಚು ಅತ್ತೆ ಎಂದರೆ ನಂಬುತ್ತೀರಾ? ಆ ವಯಸ್ಸೇ ಹಾಗೆ.

ಬೊಂಬಾಯಿಯ ಬೇಸಿಗೆಯಲ್ಲಿ ಮಾಡುವುದೇನು? ಗುರುವಾರ ರಾತ್ರಿ ಪಕ್ಕದ ಮನೆಯ ಕಪ್ಪು ಬಿಳುಪು ಟಿ.ವಿ.ಯಲ್ಲಿ ‘ಛಾಯಾಗೀತ್’. ಬುಧವಾರ ರೇಡಿಯೋದಲ್ಲಿ ಅಮೀನ್ ಸಯಾನಿಯವರ ಗೀತಮಾಲಾ. ಬೊಂಬಾಯಿ ದೂರದರ್ಶನ ಶುರುವಾದದ್ದು 1972ರಲ್ಲಿ, ಬಣ್ಣ ಬಂದದ್ದು 1982ರಲ್ಲಿ. ಉಳಿದ ಹೊತ್ತು ಟೆರೇಸಿನಲ್ಲಿ ಒಣಗಲು ಹಾಕಿದ ಹಪ್ಪಳಕ್ಕೆ ಕಾಗೆ ಕಾಯುವುದು, ಮೆಟ್ಟಿಲ ಮೇಲೆ ಕೂತು ಬೇಸರ ಪಡುವುದು.

ಆ ಮೆಟ್ಟಿಲನ್ನು ದಿನವೂ ಮೂರು ಗಂಟೆಗೆ ಒಬ್ಬ ಹುಡುಗ ಹತ್ತಿ ಬರುತ್ತಿದ್ದ. ಕೆಳಗಿನ ಬೀದಿಯ ಹೋಟೆಲಿನ ಯಜಮಾನರು ಅಪ್ಪಯ್ಯನ ಊರಿನವರು. ಕಾಮಾಲೆಯವರಿಗೆ ಎಣ್ಣೆ ಕೂಡದೆಂದು ದಿನಾ ನಾಲ್ಕು ಇಡ್ಲಿಯನ್ನು ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದರು. ತರುವವನಿಗೆ ನನ್ನಷ್ಟೇ ವಯಸ್ಸು. ಖಾಕಿ ಚಡ್ಡಿ, ಹೆಗಲ ಮೇಲೆ ಟೇಬಲ್ ಒರೆಸುವ ಬಟ್ಟೆ. ನಾವೆಲ್ಲ ಕರೆಯುತ್ತಿದ್ದುದು ‘ಮಾಣಿ’ ಎಂದು. ನಮ್ಮ ಕಡೆ ಮಾಣಿ ಎಂದರೆ ಹುಡುಗ. ಹೋಟೆಲಿನಲ್ಲಿ ಬಡಿಸುವವನೂ ಮಾಣಿಯೇ.

ಒಂದು ದಿನ ಅಮ್ಮ ಅಪ್ಪಯ್ಯನನ್ನು ಡಾಕ್ಟರರ ಬಳಿ ಕರೆದುಕೊಂಡು ಹೋಗಿದ್ದಳು. ಅಂಚೆಯವ ಅಮ್ಮಮ್ಮನ ನೀಲಿ ಇನ್‌ಲ್ಯಾಂಡ್ ಪತ್ರ ಕೊಟ್ಟು ಹೋದ. ಒಡೆದು ತಿರುಗಿಸಿ ಮುರುಗಿಸಿ ನೋಡುತ್ತ ಕೂತೆ. ಡಬ್ಬಿ ಹಿಡಿದು ಬಂದ ಮಾಣಿ ಸ್ವಲ್ಪ ಹೊತ್ತು ನೋಡಿ, “ಅಕ್ಕಾ, ಕಾಗದ ತಲೆಕೆಳಗೆ ಹಿಡಿದಿದ್ದೀರಿ” ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು! “ಓದುಕೆ ಬತ್ತಿಲ್ಯಾ?” ಎಂದು ನಮ್ಮದೇ ಭಾಷೆಯಲ್ಲಿ ಮೆಲ್ಲಗೆ ಕೇಳಿದ. ಅವನೂ ಕುಂದಾಪುರದ ಕಡೆಯವನೆಂದು ನನಗೆ ಅಂದೇ ಗೊತ್ತಾದದ್ದು.

ಅವನೇ ಓದಿದ. ಅಮ್ಮಮ್ಮನಿಗೆ ಕಣ್ಣು ಮಂಜಾಗಿದೆಯಂತೆ, ಮಾವಿನ ಮಿಡಿ ಉಪ್ಪಿಗೆ ಹಾಕಿ ಆಯಿತಂತೆ. ಬಾವಿಯ ಹತ್ತಿರದ ಮರದ ಹಲಸು ಹಣ್ಣಾಗಿದೆ, ಮಕ್ಕಳಿಲ್ಲದೆ ಕಡುಬು ಮಾಡಲು ಮನಸ್ಸು ಬಾರದು ಎಂದು ಬರೆದಿದ್ದರು. ಆ ಸಾಲಿಗೆ ಬಂದಾಗ ಅವನ ಸ್ವರ ನಿಂತಿತು. ಅವನು ಊರು ಬಿಟ್ಟು ಎರಡು ವರ್ಷವಾಗಿತ್ತು. ನನ್ನ ಅಮ್ಮಮ್ಮನ ಪತ್ರಕ್ಕೆ ನನಗಿಂತ ಮೊದಲು ಕಣ್ಣು ತುಂಬಿಕೊಂಡವನು ಅವನು.

ಮರುದಿನದಿಂದ ಒಂದು ಒಪ್ಪಂದವಾಯಿತು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವವರೆಗೆ ಅವನಿಗೆ ಒಂದು ಗಂಟೆ ಬಿಡುವು. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಅವನು ನನಗೆ ಕನ್ನಡ, ನಾನು ಅವನಿಗೆ ಇಂಗ್ಲಿಷ್. ಬೆಳಗಿನ ಐದಕ್ಕೆ ಎದ್ದು ದುಡಿಯುವ ಈ ಹುಡುಗ ಸಂಜೆ ಲೋಕಲ್ ಹಿಡಿದು ವೀಟಿಯಲ್ಲಿಳಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ. ಶಾಲೆಗೆ ಆಗ ಬೇಸಿಗೆ ರಜೆ. ಜೂನ್‌ನಿಂದ ಎಂಟನೇ ಕ್ಲಾಸು. ಇಂಗ್ಲಿಷ್ ಎಂದರೆ ಅವನಿಗೆ ಹುಲಿ.

ಮಕ್ಕಳೇ, ರಾತ್ರಿ ಶಾಲೆಗಳ ವಿಷಯ ನಿಮಗೆ ಯಾರಾದರೂ ಹೇಳಿದ್ದಾರೆಯೇ? ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಮುಂತಾದ ಹೆಸರುಗಳನ್ನು ನಿಮ್ಮ ಅಜ್ಜಂದಿರ ಬಳಿ ಹೇಳಿ ನೋಡಿ, ಅವರ ಮುಖ ಅರಳುತ್ತದೆ. ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲು ತಟ್ಟೆ ತೊಳೆದ ಹುಡುಗರು ರಾತ್ರಿ ಅಲ್ಲಿ ಕೂತು ಎಸ್ಸೆಸ್ಸಿ ಪಾಸಾದರು. ಮುಂದೆ ವಕೀಲರು, ಬ್ಯಾಂಕಿನವರು, ಹೋಟೆಲ್ ಮಾಲೀಕರು ಆದರು. ನಮ್ಮ ಸಂಘಗಳ ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವ ಎಷ್ಟೋ ಹಿರಿಯರ ಅಕ್ಷರ ಆ ಬೆಂಚುಗಳಲ್ಲಿ ಮೂಡಿದ್ದು.

ನಮ್ಮ ಪಠ್ಯಪುಸ್ತಕ ಹೋಟೆಲಿನ ಹಳೆಯ ‘ಉದಯವಾಣಿ’. ಮಣಿಪಾಲದಿಂದ 1970ರಲ್ಲಿ ಶುರುವಾದ ಆ ಪತ್ರಿಕೆ ಯಜಮಾನರ ಕೈ ಸೇರುವಾಗಲೇ ಹಳತಾಗಿರುತ್ತಿತ್ತು. ಅವರು ಓದಿ ಬಿಟ್ಟ ಮೇಲೆ ನಮಗೆ. ಅಕ್ಷರಗಳು ಹದಿನೈದು ದಿನಗಳಲ್ಲಿ ಬಂದವು. ನನ್ನನ್ನು ಅಳಿಸಿದ್ದು ಒತ್ತಕ್ಷರ. ಹಿಂದಿಯಲ್ಲಿ ಅರ್ಧಾಕ್ಷರ ಹೆಚ್ಚಾಗಿ ಪಕ್ಕದಲ್ಲಿ ಕೂರುತ್ತದೆ. ನಮ್ಮಲ್ಲಿ ಒಂದು ಮೇಲೆ, ಒಂದು ಕೆಳಗೆ. ನಾನು ಪೆನ್ಸಿಲ್ ಬಿಸಾಡಿದಾಗ ಅವನು ಹೇಳಿದ: “ಅಕ್ಕಾ, ಇದು ಡಬಲ್ ಡೆಕ್ಕರ್ ಬಸ್ಸು. ಮೇಲಿನವನನ್ನು ಮೊದಲು ಮಾತಾಡಿಸಿ, ಆಮೇಲೆ ಕೆಳಗಿನವನನ್ನು.” ಅಷ್ಟೇ! ‘ಅಮ್ಮ’, ‘ಅಕ್ಕ’, ‘ಅಪ್ಪಯ್ಯ’, ಮೂರೂ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಂತವು. 1937ರಿಂದ ಓಡುತ್ತಿದ್ದ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು 2023ರ ಸೆಪ್ಟೆಂಬರ್‌ನಲ್ಲಿ ಕೊನೆಯ ಓಟ ಮುಗಿಸಿದಾಗ ಜನ ಹಾರ ಹಾಕಿ ಬೀಳ್ಕೊಟ್ಟರು. ನನಗೆ ನೆನಪಾದದ್ದು ಒತ್ತಕ್ಷರ.

ಅವನ ಇಂಗ್ಲಿಷಿಗೆ ಹೋಟೆಲೇ ಪಾಠ. “ದಿಸ್ ಈಸ್ ಎ ದೋಸಾ. ದೀಸ್ ಆರ್ ಇಡ್ಲೀಸ್. ಹೀ ಈಸ್ ದ ಓನರ್.” ಇಬ್ಬರೂ ನಗುತ್ತಿದ್ದೆವು. ಅಮ್ಮ ಇಬ್ಬರಿಗೂ ಪುನರ್ಪುಳಿ ಪಾನಕ ಕೊಟ್ಟು, “ಯಾರು ಮೇಷ್ಟ್ರು, ಯಾರು ಶಿಷ್ಯ?” ಎಂದು ಕೇಳುತ್ತಿದ್ದಳು.

ಆಗ ಎಲ್ಲರ ಬಾಯಲ್ಲೂ ಸ್ಕೈಲ್ಯಾಬ್. 1973ರಲ್ಲಿ ಅಮೆರಿಕ ಹಾರಿಸಿದ ಬಾಹ್ಯಾಕಾಶ ಪ್ರಯೋಗಾಲಯ ಅದು. ಕಕ್ಷೆಯಿಂದ ಕೆಳಗಿಳಿಯುತ್ತಿದೆ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ ಎಂದು ಸುದ್ದಿ. ಪತ್ರಿಕೆಯಲ್ಲಿ ಆ ಪದ ಕಂಡಾಗ ನನಗೆ ಓದಲಾಗಲಿಲ್ಲ. ಅವನು ಓದಿದ, ಅದೇನೆಂದು ಅವನಿಗೆ ತಿಳಿಯಲಿಲ್ಲ. ನಾನು ತಿಳಿಸಿದೆ. ಅವನು ಬಿಡಿಸಿದ ಅಕ್ಷರ, ನಾನು ಹೇಳಿದ ಅರ್ಥ, ಎರಡೂ ಸೇರಿ ಒಂದು ಸುದ್ದಿಯಾಯಿತು. “ನಮ್ಮ ಮನೆಯ ಮೇಲೆ ಬಿದ್ದರೆ? ಅಲ್ಲಿ ಅಮ್ಮ ಒಬ್ಬಳೇ ಇರುವುದು” ಎಂದ. ಪ್ರಪಂಚ ಬಹಳ ದೊಡ್ಡದು, ಅಷ್ಟು ಸಣ್ಣ ಮನೆಯನ್ನೇ ಹುಡುಕಿಕೊಂಡು ಅದು ಬರುವುದಿಲ್ಲ ಎಂದು ಧೈರ್ಯ ಹೇಳಿದೆ. ಬಿದ್ದ ದಿನ ಬಂದು ತಿಳಿಸುತ್ತೇನೆ ಎಂದು ಮಾತೂ ಕೊಟ್ಟೆ.

ಜೂನ್ ಮೊದಲ ವಾರ ಅಮ್ಮಮ್ಮನಿಗೆ ನನ್ನ ಮೊದಲ ಕನ್ನಡ ಪತ್ರ ಬರೆದೆ. ಹನ್ನೊಂದು ಸಾಲು. ಅವನು ನಾಲ್ಕು ತಪ್ಪು ತಿದ್ದಿದ.

ಇನ್ನು ಹೇಳುವುದು ಕಷ್ಟದ ಮಾತು. ಶಾಲೆ ಶುರುವಾಗುವ ಎರಡು ದಿನ ಮೊದಲು ನನ್ನ ಇಬ್ಬರು ಸಹಪಾಠಿಗಳು ಹೇಳದೆ ಕೇಳದೆ ಮನೆಗೆ ಬಂದರು. ಕಾರಿನಲ್ಲಿ ಓಡಾಡುವ ಮನೆಯ ಹುಡುಗಿಯರು. ಮೆಟ್ಟಿಲ ಮೇಲೆ ನಮ್ಮಿಬ್ಬರ ನಡುವೆ ಪತ್ರಿಕೆ ಹರಡಿತ್ತು. ಅವನ ಕೈಯಲ್ಲಿ ಪೆನ್ಸಿಲ್. ಇವನು ಯಾರು ಎಂದು ಅವರು ಕೇಳಿದರು. ನಾನು ಥಟ್ಟನೆ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದೆ: “ಹೀ ಈಸ್ ನೋಬಡಿ. ಹೀ ಈಸ್ ದ ಹೋಟೆಲ್ ಬಾಯ್.”

ಅವನಿಗೆ ತಿಳಿಯದಿರಲಿ ಎಂದೇ ಇಂಗ್ಲಿಷಿನಲ್ಲಿ ಹೇಳಿದ್ದು. ಆದರೆ ‘ಹೀ ಈಸ್’ ಎಂದರೇನೆಂದು ಎರಡು ತಿಂಗಳು ಅವನಿಗೆ ಕಲಿಸಿದವಳು ನಾನೇ.

ಅವನು ಏನೂ ಹೇಳಲಿಲ್ಲ. ಪತ್ರಿಕೆ ಮಡಚಿಟ್ಟ. ಖಾಲಿ ಡಬ್ಬಿ ಎತ್ತಿಕೊಂಡು ಇಳಿದು ಹೋದ. ಮರುದಿನ ಇಡ್ಲಿ ತಂದವನು ಬೇರೆ ಹುಡುಗ.

ಮೆಟ್ಟಿಲಲ್ಲಿ ಅವನ ನೋಟ್‌ಬುಕ್ಕು ಉಳಿದಿತ್ತು. ಮೊದಲ ಪುಟದಲ್ಲಿ ಕನ್ನಡದಲ್ಲೂ, ಕೆಳಗೆ ನಾನು ಕಲಿಸಿದ ಇಂಗ್ಲಿಷಿನಲ್ಲೂ ಅವನ ಹೆಸರು. ಎರಡು ತಿಂಗಳು ದಿನವೂ ಪಾಠ ಹೇಳಿಸಿಕೊಂಡ ನಾನು ಅವನ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಅಂದು ಓದಿ ತಿಳಿದೆ. ಅವನೇ ಕಲಿಸಿದ ಅಕ್ಷರದಲ್ಲಿ.

ಅಮ್ಮನಿಗೆ ಎಲ್ಲ ಹೇಳಿ ಅತ್ತೆ. ಅವಳು ಬೈಯಲಿಲ್ಲ. “ನೋಟ್‌ಬುಕ್ ಕೊಟ್ಟು ಬಾ, ನಾನೂ ಬರುತ್ತೇನೆ” ಎಂದಳು. ನಾನು ನಾಳೆ, ನಾಡಿದ್ದು ಎಂದು ಹತ್ತು ದಿನ ಕಳೆದೆ. ಕೊನೆಗೆ ಹೋದಾಗ ಯಜಮಾನರು, ಅವನನ್ನು ಥಾಣೆಯಲ್ಲಿರುವ ತಮ್ಮನ ಹೋಟೆಲಿಗೆ ಕಳಿಸಿದೆ ಎಂದರು. ಆಗ ಥಾಣೆ ನಮಗೆ ದೂರ. ನಾನು ಹೋಗಲಿಲ್ಲ. ದೂರ ಎನ್ನುವುದು ನೆಪ. ಲೋಕಲ್ ರೈಲು ಆಗಲೂ ಇತ್ತಲ್ಲ!

ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯದಲ್ಲೂ ಚೂರುಚೂರಾಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ನಿನ್ನ ಅಮ್ಮ ಕ್ಷೇಮ ಎಂದು ಅವನಿಗೆ ಹೇಳಲು ನಾನಿರಲಿಲ್ಲ. ಅದೇ ವಾರ ಅಮ್ಮಮ್ಮನ ಉತ್ತರ ಬಂತು. ನಾನೇ ಒಡೆದು, ನಾನೇ ಓದಿದೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ಆದರೂ ನಾಲ್ಕು ಸಲ ಓದಿದೆ, ನಿನಗೆ ಕಲಿಸಿದ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು ಎಂದು ಬರೆದಿದ್ದರು. ಆ ನಮಸ್ಕಾರ ಇವತ್ತಿಗೂ ನನ್ನ ಹತ್ತಿರವೇ ಉಳಿದಿದೆ.

ಮುಂದೆ ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದೆ. ಮದುವೆ, ಮಕ್ಕಳು, ಮನೆ ಎಂದು ವರ್ಷಗಳು ಉರುಳಿದವು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಆ ಖಾಕಿ ಚಡ್ಡಿ ನೆನಪಾಯಿತು. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವನಿಗೂ ಈಗ ಮೊಮ್ಮಕ್ಕಳಿರಬಹುದು. ಕೇಳದೆ ಬಿಟ್ಟ ಹೆಸರನ್ನು ಈಗ ಕೇಳದೆಯೇ ಅಚ್ಚು ಹಾಕಿಸುವುದು ಸರಿಯಲ್ಲ. ನೋಟ್‌ಬುಕ್ಕು ಮಾತ್ರ ನನ್ನ ಕಪಾಟಿನಲ್ಲಿ ಭದ್ರವಾಗಿದೆ.

ಮಕ್ಕಳೇ, ಕನ್ನಡ ಕಲಿಯಿರಿ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಒತ್ತಕ್ಷರ ಬಂದರೆ ಹೆದರಬೇಡಿ, ಡಬಲ್ ಡೆಕ್ಕರ್ ಬಸ್ಸನ್ನು ನೆನೆಯಿರಿ. ಅದರ ಜೊತೆಗೆ ಇನ್ನೊಂದು ಸಣ್ಣ ಕೆಲಸ ಮಾಡಿ. ನಿಮ್ಮ ಬಿಲ್ಡಿಂಗಿನ ವಾಚ್‌ಮ್ಯಾನ್, ಪಾರ್ಸೆಲ್ ತರುವ ಹುಡುಗ, ಉಡುಪಿ ಹೋಟೆಲಿನಲ್ಲಿ ನಿಮಗೆ ನೀರಿಡುವವರು, ಇವರಲ್ಲಿ ಒಬ್ಬರ ಹೆಸರನ್ನಾದರೂ ಈ ವಾರ ಕೇಳಿ ತಿಳಿದುಕೊಳ್ಳಿ. ಅವರಲ್ಲಿ ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಕೇಳಿ.

ಮತ್ತೆ, ಥಾಣೆಯ ಕಡೆಯ ಓದುಗರ ಮನೆಯಲ್ಲಿ ಯಾರಾದರೂ ಅಜ್ಜ, ಮಾಟುಂಗಾದ ಮೆಟ್ಟಿಲ ಮೇಲೆ ಒಬ್ಬ ಹುಡುಗಿಗೆ ಅಕ್ಷರ ಕಲಿಸಿದ್ದೆ ಎಂದು ಎಂದಾದರೂ ಹೇಳಿದ್ದರೆ, ಅವರಿಗೆ ಇದನ್ನು ಓದಿ ಹೇಳಿ. ಅಮ್ಮಮ್ಮನ ನಮಸ್ಕಾರವನ್ನು ತಲುಪಿಸಿ. ಅದರ ಜೊತೆ ನನ್ನದೂ ಇರಲಿ.